ಹಬ್ಬಿದ ಮೇಲೂ ಮಾಡುವುದಿದೆ



ಇವತ್ತು ನಾನು ಮಾತಾಡಲಿರುವುದು ಗುದನಾಳದ ಕ್ಯಾನ್ಸರ್ ಬಗ್ಗೆ. ಊಟದ ಹೊತ್ತಿಗೆ ರೇಡಿಯೊ ಹಚ್ಚಿಕೊಂಡು ಕೂತವರು ದಯವಿಟ್ಟು ಬಂದ್ ಮಾಡಬೇಡಿ. ಕೇಳಿಸಿಕೊಳ್ಳಲು ಮುಜುಗರವಾಗುವ ವಿಷಯವೇ ಹೌದು. ಆ ಮುಜುಗರದಿಂದಲೇ ನಮ್ಮ ಭಾಗದಲ್ಲಿ ಜನ ತಡವಾಗಿ ದವಾಖಾನೆಗೆ ಬರುತ್ತಾರೆ.

ದೊಡ್ಡ ಕರುಳಿನ ತುದಿಯಲ್ಲಿ, ಗುದದ್ವಾರದಿಂದ ಒಳಕ್ಕೆ ಸುಮಾರು 15 ಸೆಂಟಿಮೀಟರ್ ಉದ್ದ ಇರುವ ಭಾಗವೇ ಗುದನಾಳ. ಅದರ ಹೆಸರೆತ್ತಲು ಗಂಡ ಹೆಂಡತಿಯ ಮುಂದೆ ಹಿಂಜರಿಯುತ್ತಾನೆ, ಸೊಸೆ ಅತ್ತೆಯ ಮುಂದೆ ಬಾಯಿ ಬಿಡುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕಲಬುರಗಿಗೆ ಬರುವ ಎಷ್ಟೋ ರೋಗಿಗಳಲ್ಲಿ ಕಾಯಿಲೆ ಗೊತ್ತಾಗುವ ಹೊತ್ತಿಗೇ ಅದು ಮೈಯಲ್ಲಿ ಬೇರೆಡೆಗೆ ಹಬ್ಬಿರುತ್ತದೆ. ಹಬ್ಬಿದೆ ಎಂದು ಕೇಳಿದ ಕೂಡಲೇ ಮನೆಯವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಹೊಲ ಮಾರಿ ಹೈದರಾಬಾದು, ಮುಂಬಯಿ ಎಂದು ಓಡಾಡುತ್ತಾರೆ. ಉಳಿದವರು ‘ಇನ್ನೇನ್ ಮಾಡ್ಲಾಕ ಬರಲ್ಲ’ ಎಂದು ಊರಿಗೆ ಕರೆದುಕೊಂಡು ಹೋಗಿ ಮಲಗಿಸುತ್ತಾರೆ. ಈ ಎರಡರ ನಡುವೆ ಮಾಡಲಿಕ್ಕೆ ಬಹಳ ಇದೆ. ಅದರಲ್ಲಿ ಹೆಚ್ಚಿನದನ್ನು ಹೊಲ ಮಾರದೆಯೇ, ಜಿಲ್ಲೆಯ ಒಳಗೇ ಮಾಡಬಹುದು. ಅದನ್ನು ಹೇಳಬೇಕೆಂದೇ ಬಂದಿದ್ದೇನೆ.

ಮೊದಲು ತಡ ಯಾಕಾಗುತ್ತದೆ ನೋಡೋಣ. ಗುದನಾಳದಲ್ಲಿ ಗಡ್ಡೆ ಬೆಳೆದರೆ ಸಾಮಾನ್ಯವಾಗಿ ಮೊದಲು ಕಾಣುವುದು ರಕ್ತ. ಸಂಡಾಸಕ್ಕೆ ಹೋದಾಗ ರಕ್ತ ಬಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಮೂಲವ್ಯಾಧಿ ಅದ, ಬಿಡ್ರಿ.’ ಊರೂರಿನ ಬಸ್ ನಿಲ್ದಾಣದ ಗೋಡೆಗಳ ಮೇಲೆ ಮೂಲವ್ಯಾಧಿ, ಭಗಂದರ ಗುಣಪಡಿಸುವವರ ಜಾಹೀರಾತುಗಳಿವೆ. ಅವರಲ್ಲಿ ಹೋದರೆ ಯಾವುದೋ ಸೂಜಿ ಚುಚ್ಚುತ್ತಾರೆ, ಪುಡಿ ಕೊಡುತ್ತಾರೆ. ಮೂಲವ್ಯಾಧಿಯ ರಕ್ತ ತಾನಾಗಿಯೇ ನಿಂತು ಮತ್ತೆ ಬರುವಂಥದ್ದು. ಗಡ್ಡೆಯ ರಕ್ತವೂ ಹಾಗೇ ನಿಂತು ನಿಂತು ಬರುತ್ತದೆ. ಹೀಗಾಗಿ ನಾಲ್ಕು ದಿನ ರಕ್ತ ನಿಂತರೆ ಪುಡಿಯಿಂದ ಗುಣವಾಯಿತು ಎಂದು ನಂಬಿಬಿಡುತ್ತಾರೆ. ಆರು ತಿಂಗಳು, ವರ್ಷ ಕಳೆಯುವುದು ಹೀಗೆ.

ಇನ್ನೊಂದು ಕಾರಣ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಇನ್ನೂ ಕೆಲವು ಹಳ್ಳಿ, ತಾಂಡಾಗಳಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲಿಯೋ ಕತ್ತಲಾದ ಮೇಲೋ ಚರಿಗೆ ಹಿಡಿದು ಬಯಲಿಗೆ ಹೋಗುತ್ತಾರೆ. ಕತ್ತಲಲ್ಲಿ ರಕ್ತ ಕಾಣುವುದಾದರೂ ಹೇಗೆ? ದಿನವೂ ಒಂದಿಷ್ಟು ಹೋಗುತ್ತಲೇ ಇರುತ್ತದೆ, ಆಕೆಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಹತ್ತಿ ಬಿಡಿಸುವಾಗ, ತೊಗರಿ ರಾಶಿ ಮಾಡುವಾಗ ಕಣ್ಣು ಕತ್ತಲೆ ಬಂದು ಕೂರುತ್ತಾಳೆ. ದವಾಖಾನೆಯಲ್ಲಿ ‘ರಕ್ತ ಕಮ್ಮಿ ಅದ’ ಎಂದು ಕಬ್ಬಿಣದ ಗುಳಿಗೆ ಕೊಡುತ್ತಾರೆ. ರಕ್ತ ಕಡಿಮೆಯಾಗಿದ್ದು ಯಾಕೆ, ಎಲ್ಲಿಂದ ಸೋರಿಹೋಯಿತು ಎಂದು ಕೇಳುವುದು ಅಪರೂಪ. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಾಗಲಿ, ಗಂಡಸರಲ್ಲಾಗಲಿ ರಕ್ತ ಕಡಿಮೆ ಇದೆ ಎಂದಾದರೆ ಕರುಳಿನಿಂದ ಸೋರುತ್ತಿದೆಯೇ ಎಂದು ನೋಡಲೇಬೇಕು. ಸಂಡಾಸು ಕಟ್ಟಿಸಿಕೊಂಡ ಮನೆಗಳಲ್ಲಿ ದಯವಿಟ್ಟು ಒಳಗೆ ದೀಪವನ್ನೂ ಹಾಕಿಸಿ.

ಗುದನಾಳದ ಕೆಳಭಾಗದ ಗಡ್ಡೆಯನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ವೈದ್ಯರು ಕೈಗವಸು ಹಾಕಿಕೊಂಡು ತೋರುಬೆರಳಿನಿಂದ ಒಂದು ನಿಮಿಷ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ತಾಲೂಕು ದವಾಖಾನೆಯಲ್ಲಿ ಮಾಡಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು. ರೋಗಿ ನಾಚಿಕೊಳ್ಳುತ್ತಾನೆಂದು ವೈದ್ಯರು ಬಿಡುತ್ತಾರೆ, ವೈದ್ಯರೇ ಬೇಡ ಅಂದರಲ್ಲ ಎಂದು ರೋಗಿ ಸುಮ್ಮನಾಗುತ್ತಾನೆ. ರಕ್ತ ಬರುವುದು ಎರಡು ವಾರ ಮೀರಿದರೆ, ಮೊದಲಿಲ್ಲದ ಮಲಬದ್ಧತೆಯೋ ಭೇದಿಯೋ ಹೊಸದಾಗಿ ಶುರುವಾದರೆ, ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲ ಅನ್ನಿಸುತ್ತಲೇ ಇದ್ದರೆ, ನೀವಾಗಿಯೇ ಕೇಳಿ: ‘ಡಾಕ್ಟ್ರೇ, ಬೆರಳು ಹಾಕಿ ನೋಡ್ರಿ.’

ಭಾರತದಲ್ಲಿ ಕರುಳಿನ ಕ್ಯಾನ್ಸರ್ ಯುರೋಪು, ಅಮೆರಿಕಗಳಿಗಿಂತ ಬಹಳ ಕಡಿಮೆ. ವರ್ಷಕ್ಕೆ ಲಕ್ಷ ಜನರಲ್ಲಿ ಐದರ ಆಸುಪಾಸು. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ತಿನ್ನುವ ನಾವು ನಾರಿನಂಶ ಚೆನ್ನಾಗಿಯೇ ತಿನ್ನುತ್ತೇವೆ ಎಂಬುದು ನಿಜ. ಆದರೆ ನಮ್ಮಲ್ಲಿ ಬರುವ ರೋಗಕ್ಕೆ ಬೇರೆಯದೇ ಒಂದು ಗುಣ ಇದೆ. ಇಲ್ಲಿ ಅದು ಮೂವತ್ತು, ನಲವತ್ತರ ವಯಸ್ಸಿನವರಲ್ಲೂ ಕಾಣುತ್ತದೆ. ಹಾಗೆ ಎಳೆಯ ವಯಸ್ಸಿನಲ್ಲಿ ಕಂಡಾಗ ಪಾಶ್ಚಾತ್ಯರಲ್ಲಿ ಅಪರೂಪ ಎನ್ನಿಸಿಕೊಂಡ ಒಂದು ಬಗೆ ನಮ್ಮ ಆಸ್ಪತ್ರೆಗಳಲ್ಲಿ ಅವರಿಗಿಂತ ಹೆಚ್ಚಾಗಿ ಸಿಗುತ್ತದೆ. ಅದರ ಹೆಸರು ಸಿಗ್ನೆಟ್ ರಿಂಗ್ ಸೆಲ್ ಕಾರ್ಸಿನೋಮಾ. ಪಾಶ್ಚಾತ್ಯ ದೇಶಗಳಲ್ಲಿ ಕರುಳಿನ ಕ್ಯಾನ್ಸರ್ ಆದ ನೂರು ಜನರಲ್ಲಿ ಒಬ್ಬರಿಗೆ ಈ ಬಗೆ ಇರುತ್ತದೆ. ಇದರ ಕೋಶದೊಳಗೆ ಲೋಳೆ ತುಂಬಿ, ಕೋಶಕೇಂದ್ರ ಒಂದು ಬದಿಗೆ ಒತ್ತಿಹೋಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳೆಯ ಕಾಲದ ಮುದ್ರೆಯುಂಗುರದ ಹಾಗೆ ಕಾಣುತ್ತದೆ. ಗಡ್ಡೆಯ ಅರ್ಧಕ್ಕಿಂತ ಹೆಚ್ಚು ಕೋಶಗಳು ಹೀಗಿದ್ದರೆ ಈ ಹೆಸರು ಕೊಡುತ್ತಾರೆ.

ಈ ಬಗೆಯ ಮೂರು ಸ್ವಭಾವಗಳನ್ನು ಮನೆಯವರೂ ತಿಳಿದಿರಬೇಕು.

ಮೊದಲನೆಯದು, ಇದು ಗಡ್ಡೆಯಾಗಿ ಉಬ್ಬಿ ಬರುವ ಬದಲು ಕರುಳಿನ ಗೋಡೆಯ ಒಳಪದರಗಳ ಅಡಿಯಲ್ಲಿ ಹರಡುತ್ತಾ ಹೋಗುವುದುಂಟು. ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ನಳಿಕೆ ಬಿಟ್ಟು ನೋಡುವ ಪರೀಕ್ಷೆ, ಮಾಡಿದರೆ ಮೇಲಿನ ಪದರ ನುಣುಪಾಗಿಯೇ ಇದ್ದು, ಕರುಳು ಮಾತ್ರ ಬಿಗಿದುಕೊಂಡಂತೆ ಕಾಣುತ್ತದೆ. ಮೇಲಿನಿಂದ ತೆಗೆದ ಸಣ್ಣ ಚೂರಿನಲ್ಲಿ ಕ್ಯಾನ್ಸರ್ ಸಿಗದೇ ಹೋಗಬಹುದು. ಆದ್ದರಿಂದ ‘ಬಯಾಪ್ಸಿಯಲ್ಲಿ ಏನೂ ಬಂದಿಲ್ಲ’ ಎಂಬ ಮಾತು ಕೇಳಿ ಊರಿಗೆ ಹೊರಟುಬಿಡಬೇಡಿ. ತೊಂದರೆ ಹಾಗೇ ಇದ್ದರೆ ಇನ್ನೂ ಆಳದಿಂದ ಚೂರು ತೆಗೆಯಬೇಕಾಗುತ್ತದೆ. ಎರಡನೆಯದು, ಇಂಥ ಕೋಶಗಳು ಹೊಟ್ಟೆಯ, ಅಂದರೆ ಜಠರದ ಕ್ಯಾನ್ಸರಿನಲ್ಲಿ ಇನ್ನೂ ಹೆಚ್ಚು. ಜಠರದಲ್ಲಿ ಹುಟ್ಟಿ ಕೆಳಗಿಳಿದು ಗುದನಾಳದ ಸುತ್ತ ಕೂರುವುದೂ ಉಂಟು. ಅದಕ್ಕಾಗಿ ಗುದನಾಳದಲ್ಲಿ ಈ ಬಗೆ ಕಂಡಾಗ ಬಾಯಿಯಿಂದ ನಳಿಕೆ ಬಿಟ್ಟು ಜಠರವನ್ನೂ ನೋಡಬೇಕು. ರೋಗಿ ‘ಕೆಳಗಿನ ತ್ರಾಸಿಗೆ ಮೇಲಿನ ಟೆಸ್ಟ್ ಯಾಕ್ರಿ?’ ಎಂದು ಕೇಳುತ್ತಾನೆ. ಕಾರಣ ಇದು. ಮೂರನೆಯದು, ಹಬ್ಬುವ ರೀತಿ. ಸಾಮಾನ್ಯ ಬಗೆಯ ಗುದನಾಳದ ಕ್ಯಾನ್ಸರ್ ಹೆಚ್ಚಾಗಿ ಪಿತ್ತಜನಕಾಂಗಕ್ಕೆ, ಶ್ವಾಸಕೋಶಕ್ಕೆ ಹೋಗುತ್ತದೆ. ಇದು ಹೊಟ್ಟೆಯೊಳಗಿನ ತೆಳು ಪೊರೆಯ ಮೇಲೆ, ದುಗ್ಧಗ್ರಂಥಿಗಳಲ್ಲಿ, ಹೆಣ್ಣುಮಕ್ಕಳಲ್ಲಿ ಅಂಡಾಶಯದಲ್ಲಿ ಕೂರುವುದು ಹೆಚ್ಚು. ಪೊರೆಯ ಮೇಲಿನ ಸಣ್ಣ ಸಣ್ಣ ಕಾಳುಗಳು ಸಿಟಿ ಸ್ಕ್ಯಾನಿನಲ್ಲಿ ತಪ್ಪಿಹೋಗುತ್ತವೆ, ಲೋಳೆಯ ಕಾರಣದಿಂದ ಪೆಟ್ ಸ್ಕ್ಯಾನಿನಲ್ಲೂ ಮಂಕಾಗಿ ಕಾಣುತ್ತವೆ. ಎಷ್ಟೋ ಸಲ ದುರ್ಬೀನು ಹಾಕಿ ಹೊಟ್ಟೆಯೊಳಗೆ ನೋಡಿದಾಗಲೇ ನಿಜ ಸ್ಥಿತಿ ತಿಳಿಯುವುದು.

ಇನ್ನು ಹಬ್ಬಿದ ರೋಗದ ಚಿಕಿತ್ಸೆ. ಸತ್ಯವನ್ನು ಸತ್ಯದಂತೆಯೇ ಹೇಳುತ್ತೇನೆ. ಹಬ್ಬಿದ ಸಿಗ್ನೆಟ್ ರಿಂಗ್ ಕ್ಯಾನ್ಸರನ್ನು ಬೇರುಸಹಿತ ಕಿತ್ತುಹಾಕುವುದು ಬಹುಪಾಲು ರೋಗಿಗಳಲ್ಲಿ ಸಾಧ್ಯವಿಲ್ಲ. ಸಾಮಾನ್ಯ ಬಗೆ ಹಬ್ಬಿದಾಗ ಒಳ್ಳೆಯ ಚಿಕಿತ್ಸೆ ಸಿಕ್ಕವರು ಸರಾಸರಿ ಎರಡು, ಎರಡೂವರೆ ವರ್ಷ ಬದುಕುತ್ತಾರೆ. ಈ ಬಗೆಯಲ್ಲಿ ಅದಕ್ಕಿಂತ ಕಡಿಮೆ. ಸರಾಸರಿ ಎಂದರೆ ಕೆಲವರು ಅದಕ್ಕಿಂತ ಮೊದಲು ಹೋಗುತ್ತಾರೆ, ಕೆಲವರು ಬಹಳ ಕಾಲ ಇರುತ್ತಾರೆ. ಆ ಕಾಲ ನೋವು, ರಕ್ತ, ವಾಂತಿಯಲ್ಲಿ ಕಳೆಯುತ್ತದೆಯೋ ಅಥವಾ ಮಗಳ ಮದುವೆಯಲ್ಲಿ ಓಡಾಡಿಕೊಂಡು, ಹೊಲದ ಬದುವಿನ ಮೇಲೆ ಕೂತು ಮಾತಾಡಿಕೊಂಡು ಕಳೆಯುತ್ತದೆಯೋ ಎಂಬುದು ಚಿಕಿತ್ಸೆಯ ಮೇಲೆ ನಿಂತಿದೆ. ನನ್ನ ಮಟ್ಟಿಗೆ ಅದು ಸಣ್ಣ ಮಾತಲ್ಲ.

ಕಿಮೋ ಎಂದರೆ ಹೆದರುವವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರುಳಿನ ಕ್ಯಾನ್ಸರಿಗೆ ಬಳಸುವ ಮುಖ್ಯ ಔಷಧಿ 5-ಫ್ಲೋರೋಯುರಾಸಿಲ್. ಚಾರ್ಲ್ಸ್ ಹೈಡೆಲ್‌ಬರ್ಗರ್ ಎಂಬ ವಿಜ್ಞಾನಿ 1957ರಲ್ಲಿ ಅದನ್ನು ಬೆಳಕಿಗೆ ತಂದರು. ಇವತ್ತಿಗೂ ಅದೇ ಚಿಕಿತ್ಸೆಯ ಬೆನ್ನೆಲುಬು. ಅದರ ಜೊತೆ ಆಕ್ಸಾಲಿಪ್ಲಾಟಿನ್ ಅಥವಾ ಇರಿನೊಟೆಕಾನ್ ಸೇರಿಸುತ್ತಾರೆ. ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಭಾರತದಲ್ಲೇ ತಯಾರಾಗುತ್ತವೆ, ಕೈಗೆಟುಕುವ ಬೆಲೆಗೂ ಸಿಗುತ್ತವೆ. ಆಕ್ಸಾಲಿಪ್ಲಾಟಿನ್ ಸೇರಿಸಿ ಕೊಡುವ ಮುಖ್ಯ ಕ್ರಮ ಎರಡು. ಫಾಲ್ಫಾಕ್ಸ್ ಎಂಬ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ 46 ತಾಸು ಸತತವಾಗಿ ಔಷಧಿ ರಕ್ತನಾಳಕ್ಕೆ ಇಳಿಯಬೇಕು. ಕೇಪಾಕ್ಸ್ ಎಂಬ ಕ್ರಮದಲ್ಲಿ ಮೂರು ವಾರಕ್ಕೊಮ್ಮೆ ಒಂದು ದಿನ ಸಲೈನಿನಲ್ಲಿ ಆಕ್ಸಾಲಿಪ್ಲಾಟಿನ್ ಕೊಟ್ಟು, ಮುಂದೆ 14 ದಿನ ಕೇಪ್‌ಸೈಟಬಿನ್ ಗುಳಿಗೆಯನ್ನು ಮನೆಯಲ್ಲೇ ನುಂಗಲು ಹೇಳುತ್ತಾರೆ. ಆಮೇಲೆ ಒಂದು ವಾರ ಬಿಡುವು. ಗುಣದಲ್ಲಿ ಎರಡೂ ಸಮ. ಚಿಂಚೋಳಿಯಿಂದ ಕಲಬುರಗಿ 80 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಂದ ಬರುವವರಿಗೆ ಮೂರು ವಾರಕ್ಕೊಂದು ದಿನ ಬಂದು ಹೋಗುವುದಕ್ಕೂ ಎರಡು ವಾರಕ್ಕೊಮ್ಮೆ ಮೂರು ದಿನ ಉಳಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ‘ನಮಗ ಊರು ದೂರ ಅದ, ಗುಳಿಗಿ ಕ್ರಮ ನಡೀತದೇನ್ರಿ?’ ಎಂದು ಕೇಳುವುದು ರೋಗಿಯ ಹಕ್ಕು. ಕರುಳು ಕಟ್ಟಿಕೊಂಡಿದ್ದರೆ, ವಾಂತಿಯಾಗುತ್ತಿದ್ದರೆ, ಮೂತ್ರಪಿಂಡ ಸರಿಯಿಲ್ಲದಿದ್ದರೆ ಮಾತ್ರ ಗುಳಿಗೆ ಒಗ್ಗುವುದಿಲ್ಲ.

ಅಡ್ಡಪರಿಣಾಮಗಳನ್ನು ನಮ್ಮ ಜನರ ಕೆಲಸದ ಜೊತೆ ಇಟ್ಟು ನೋಡಬೇಕು. ಮುದ್ರಿತ ಸೂಚನೆಗಳಲ್ಲಿ ಅದು ಇರುವುದಿಲ್ಲ. ಕೇಪ್‌ಸೈಟಬಿನ್ ಗುಳಿಗೆಯಿಂದ ಅಂಗೈ, ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಸುಲಿಯಬಹುದು. ಕಚೇರಿಯಲ್ಲಿ ಕೂತು ಕೆಲಸ ಮಾಡುವವನು ಅದನ್ನು ಸಹಿಸಿಕೊಳ್ಳಬಹುದು. ದಿನಾ ಕೈಯಲ್ಲಿ ರೊಟ್ಟಿ ಬಡಿದು ಬಿಸಿ ಹಂಚಿನ ಮೇಲೆ ಹಾಕುವ ಹೆಂಗಸಿಗೆ, ಶಹಾಬಾದಿನ ಗಣಿಯಲ್ಲಿ ಫರ್ಸಿ ಎತ್ತುವವನಿಗೆ, ಸಿಮೆಂಟು ಕಲಸುವ ಗೌಂಡಿಗೆ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಹಸಿ ಸಿಮೆಂಟು ಮೊದಲೇ ಚರ್ಮ ಸುಡುವಂಥದ್ದು. ಗುಳಿಗೆ ನುಂಗುವ ದಿನಗಳಲ್ಲಿ ರೊಟ್ಟಿ ಬಡಿಯುವ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಇದಕ್ಕೊಂದು ಅಗ್ಗದ ಉಪಾಯವನ್ನು ನಮ್ಮ ದೇಶದವರೇ ಸಾಧಿಸಿ ತೋರಿಸಿದ್ದಾರೆ. ದಿಲ್ಲಿಯ ಏಮ್ಸ್ ವೈದ್ಯರು ಮೊಣಕಾಲು ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅನ್ನು ಈ ಗುಳಿಗೆ ನುಂಗುವವರ ಅಂಗೈಗೆ ಹಚ್ಚಿಸಿ ನೋಡಿದರು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಜೋರಾದ ಉರಿ, ಸುಲಿತ ಶೇ. 15ರಿಂದ ಶೇ. 4ರ ಹತ್ತಿರಕ್ಕೆ ಇಳಿಯಿತು. ನಿಮ್ಮ ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಹಚ್ಚಿ.

ಆಕ್ಸಾಲಿಪ್ಲಾಟಿನ್ ಕೊಟ್ಟ ಮೇಲೆ ನಾಲ್ಕೈದು ದಿನ ತಣ್ಣನೆಯದು ಯಾವುದನ್ನೂ ಮುಟ್ಟಿಸಿಕೊಳ್ಳಬಾರದು. ಫ್ರಿಜ್ಜಿನ ನೀರು ಗಂಟಲಿಗೆ ಬಿದ್ದರೆ ಉಸಿರು ಕಟ್ಟಿದಂತಾಗುತ್ತದೆ, ಮಾಗಿಯ ಬೆಳಗಿನಲ್ಲಿ ಕೊಡದ ನೀರಿಗೆ ಕೈ ಹಾಕಿದರೆ ಬೆರಳು ಜುಂ ಎನ್ನುತ್ತವೆ. ಕ್ರಮೇಣ ಕಾಲು ಮರಗಟ್ಟಬಹುದು. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಕಿಮೋದಿಂದಾಗುವ ಭೇದಿಯ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ಕಿಮೋ ರೋಗಿಗೆ ದಿನಕ್ಕೆ ನಾಲ್ಕೈದು ಸಲ ಭೇದಿಯಾದರೆ, ಬಾಯಿ ತುಂಬ ಹುಣ್ಣಾದರೆ, ಜ್ವರ ಬಂದರೆ ಮರುದಿನದ ತನಕ ಕಾಯಬಾರದು. ಗುಳಿಗೆ ನಿಲ್ಲಿಸಿ, ಓಆರ್‌ಎಸ್ ಕುಡಿಸುತ್ತಾ ಅದೇ ರಾತ್ರಿ ದವಾಖಾನೆಗೆ ಕರೆತನ್ನಿ. 5-ಫ್ಲೋರೋಯುರಾಸಿಲ್, ಕೇಪ್‌ಸೈಟಬಿನ್ ಔಷಧಿಗಳನ್ನು ಅರಗಿಸಿಕೊಳ್ಳುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿದ್ದಾರೆ. ಅಂಥವರಲ್ಲಿ ಮೊದಲ ಸರದಿಯೇ ಜೀವಕ್ಕೆ ಎರವಾಗಬಲ್ಲದು.

ವಿಕಿರಣ ಚಿಕಿತ್ಸೆಯನ್ನು ನಮ್ಮವರು ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಐದಾರು ವಾರ ಊರು ಬಿಟ್ಟು ಇರಬೇಕೆಂದು ಕೇಳಿ ಹಿಂದೆ ಸರಿಯುವವರು ಬಹಳ. ಗುದನಾಳದ ರೋಗಕ್ಕೆ ಐದೇ ದಿನದ ಕ್ರಮವೂ ಇದೆ, ದಿನಕ್ಕೆ 5 ಗ್ರೇ (ವಿಕಿರಣದ ಅಳತೆ) ಪ್ರಮಾಣದಲ್ಲಿ. ಸ್ವೀಡನ್ನಿನ ವೈದ್ಯರು ದಶಕಗಳ ಹಿಂದೆಯೇ ಇದನ್ನು ಪರೀಕ್ಷಿಸಿ ತೋರಿಸಿದರು. ಹಬ್ಬಿದ ರೋಗದಲ್ಲೂ ಗುದನಾಳದ ಗಡ್ಡೆಯಿಂದ ರಕ್ತ ನಿಲ್ಲದಿದ್ದರೆ, ಕೂರಲಾಗದಷ್ಟು ನೋವಿದ್ದರೆ ಈ ಐದು ದಿನ ಬಹಳ ಕೆಲಸ ಮಾಡುತ್ತವೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಪೆರಿಫೆರಲ್ ಕ್ಯಾನ್ಸರ್ ಕೇಂದ್ರ ಇದೆ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯ ಈ ಕೇಂದ್ರವನ್ನು ದಾಟಿಕೊಂಡು ನೇರ ಹೈದರಾಬಾದಿಗೆ ರೈಲು ಹತ್ತುವವರಿಗೆ ನನ್ನ ಮನವಿ: ಮೊದಲು ಇಲ್ಲಿ ಕೇಳಿ.

ಗಡ್ಡೆ ಕರುಳನ್ನೇ ಮುಚ್ಚಿಬಿಟ್ಟರೆ ಹೊಟ್ಟೆಯ ಮೇಲೆ ಮಲದ ದಾರಿ ಮಾಡಿ ಚೀಲ ಹಾಕಬೇಕಾಗುತ್ತದೆ. ‘ಹೊಟ್ಟಿಗಿ ಚೀಲ ಹಾಕ್ತಾರಂತ’ ಎಂದು ಕೇಳಿದ ಮೇಲೆ ಚಿಕಿತ್ಸೆಯೇ ಬೇಡ ಎಂದು ಎದ್ದು ಹೋದವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಚೀಲ ಹಾಕಿಸಿಕೊಂಡವರು ಸ್ನಾನ ಮಾಡುತ್ತಾರೆ, ಗುಡಿಗೆ, ದರ್ಗಾಕ್ಕೆ ಹೋಗುತ್ತಾರೆ, ಬಸ್ಸಿನಲ್ಲಿ ಓಡಾಡುತ್ತಾರೆ, ಎಲ್ಲರ ಜೊತೆ ಕೂತು ಊಟ ಮಾಡುತ್ತಾರೆ. ಬಿಡಬೇಕಾದ್ದು ಭಾರ ಎತ್ತುವ ಕೆಲಸ. ಕಲ್ಲು ಎತ್ತಿದರೆ ಆ ಜಾಗದಲ್ಲಿ ಹರ್ನಿಯಾ ಆಗಬಹುದು. ಬೆವರಿನ ದಿನಗಳಲ್ಲಿ ಚೀಲದ ಅಂಟು ಬಿಡುತ್ತದೆ, ಸುತ್ತಲಿನ ಚರ್ಮ ಒಣಗಿದ ಮೇಲೆಯೇ ಹೊಸದನ್ನು ಅಂಟಿಸಬೇಕು. ಶಸ್ತ್ರಚಿಕಿತ್ಸೆಯ ಮುಂಚೆಯೇ ಚೀಲ ಎಲ್ಲಿ ಬರಬೇಕೆಂದು ರೋಗಿಯನ್ನು ನಿಲ್ಲಿಸಿ, ಕೂರಿಸಿ, ಧೋತರದ ಗಂಟು, ಸೀರೆಯ ನೆರಿಗೆ ಬರುವ ಜಾಗ ಬಿಟ್ಟು ಗುರುತು ಹಾಕಿಸಿಕೊಳ್ಳಿ.

ಹಬ್ಬಿದ ಗಡ್ಡೆಗಳನ್ನು ಶಸ್ತ್ರಕ್ರಿಯೆಯಲ್ಲಿ ತೆಗೆಯಬಹುದೇ? ಪಿತ್ತಜನಕಾಂಗದಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ ತೆಗೆಯುತ್ತಾರೆ, ಅಂಥವರಲ್ಲಿ ಕೆಲವರು ಪೂರ್ತಿ ಗುಣವಾಗಿದ್ದಾರೆ. ಹೊಟ್ಟೆಯ ಪೊರೆಯ ಮೇಲೆ ಮಿತವಾಗಿ ಹಬ್ಬಿದ್ದರೆ ಅದನ್ನೂ ಕೆರೆದು ತೆಗೆಯುವ ದೊಡ್ಡ ಶಸ್ತ್ರಕ್ರಿಯೆ ಇದೆ. ಅದರ ಜೊತೆ ಹೈಪೆಕ್ ಎಂದು ಬಿಸಿ ಔಷಧಿಯನ್ನು ಹೊಟ್ಟೆಯೊಳಗೆ ಸುರಿಯುವುದೂ ಇದೆ, ಖರ್ಚು ಲಕ್ಷಗಳಲ್ಲಿ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ದೊಡ್ಡ ಪರೀಕ್ಷೆಯಲ್ಲಿ ಬಿಸಿ ಔಷಧಿ ಹಾಕಿಸಿಕೊಂಡವರೂ ಹಾಕಿಸಿಕೊಳ್ಳದವರೂ ಸುಮಾರು 41 ತಿಂಗಳು, ಹೆಚ್ಚುಕಡಿಮೆ ಒಂದೇ ಕಾಲ ಬದುಕಿದರು. ಅವರೆಲ್ಲ ಆರಿಸಿ ತೆಗೆದ ರೋಗಿಗಳು ಎಂಬುದೂ ನೆನಪಿರಲಿ. ಹೊಲ ಮಾರಿ ಹೈಪೆಕ್ ಮಾಡಿಸಿ ಎಂದು ಯಾರಾದರೂ ಹೇಳಿದರೆ, ಎರಡನೆಯ ವೈದ್ಯರ ಅಭಿಪ್ರಾಯ ಪಡೆಯದೆ ಮಾರಬೇಡಿ.

ಬಯಾಪ್ಸಿಯ ಚೂರಿನ ಮೇಲೆ ಮಾಡಿಸಲೇಬೇಕಾದ ಒಂದು ಪರೀಕ್ಷೆಯನ್ನು ಹೇಳದೆ ಬಿಡಲಾರೆ. ನಮ್ಮ ಕೋಶಗಳಲ್ಲಿ ವಂಶವಾಹಿಯ ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳಿವೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ಆ ನಾಲ್ಕು ಇವೆಯೋ ಇಲ್ಲವೋ ಎಂದು ಬಣ್ಣ ಹಾಕಿ ನೋಡುತ್ತಾರೆ. ಹಬ್ಬಿದ ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ನಾಲ್ಕೈದರಲ್ಲಿ ಅವು ಕಾಣೆಯಾಗಿರುತ್ತವೆ. ಅಂಥವರಿಗೆ ಕಿಮೋಗಿಂತ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಿಯೇ ಚೆನ್ನಾಗಿ ನಾಟುತ್ತದೆ. 307 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪೆಂಬ್ರೊಲಿಜುಮಾಬ್ ಪಡೆದವರಲ್ಲಿ ರೋಗ ಸುಮಾರು 16 ತಿಂಗಳು ಹತೋಟಿಯಲ್ಲಿತ್ತು, ಕಿಮೋ ಪಡೆದವರಲ್ಲಿ 8 ತಿಂಗಳು. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡೊಸ್ಟಾರ್ಲಿಮಾಬ್ ಪಡೆದ 12 ಜನರ ಗುದನಾಳದ ಗಡ್ಡೆ ಪೂರ್ತಿ ಕರಗಿದ ಸುದ್ದಿ ನಮ್ಮ ಮೊಬೈಲುಗಳಲ್ಲೂ ಓಡಾಡಿತು. ಆ 12 ಜನರದ್ದೂ ಈ ಪ್ರೋಟೀನಿನ ಕೊರತೆಯ ಬಗೆ, ಮತ್ತು ರೋಗ ದೂರ ಹಬ್ಬಿರಲಿಲ್ಲ. ಎಲ್ಲರಿಗೂ ಆ ಔಷಧಿ ಎಂದು ಯಾರೂ ಮೋಸ ಹೋಗಬಾರದು. ಪರೀಕ್ಷೆ ಮಾತ್ರ ಎಲ್ಲರಿಗೂ ಆಗಬೇಕು. ಔಷಧಿಯ ಬೆಲೆಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ. ಔಷಧಿಯ ಬೆಲೆ ಇಳಿಯದೆ ನಮ್ಮ ತಾಲೂಕುಗಳ ಬಡವರಿಗೆ ಅದು ಎಟುಕುವುದಿಲ್ಲ ಎಂಬುದು ನನ್ನ ದೊಡ್ಡ ಬೇಸರ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ತಲೆ, ಕುತ್ತಿಗೆಯ ಕ್ಯಾನ್ಸರಿನಲ್ಲಿ ಇದೇ ಜಾತಿಯ ನಿವೊಲುಮಾಬ್ ಔಷಧಿಯನ್ನು ಮಾಮೂಲಿನ ಶೇ. 6ರಷ್ಟು ಪ್ರಮಾಣದಲ್ಲಿ ಕೊಟ್ಟೂ ಫಲ ಕಂಡಿದ್ದಾರೆ. ಕರುಳಿನ ರೋಗದಲ್ಲೂ ಇಂಥ ಪ್ರಯತ್ನ ಸರ್ಕಾರಿ ಸಂಸ್ಥೆಗಳಿಂದ ಆಗಬೇಕು.

ಈಗ ದುಡ್ಡಿನ ಮಾತು. ಕರ್ನಾಟಕದಲ್ಲಿ ಬಡವರ ದೊಡ್ಡ ಕಾಯಿಲೆಗಳಿಗೆ ಸರ್ಕಾರ ಹಣ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ. ದಕ್ಷಿಣದ ಜಿಲ್ಲೆಗಳಿಗೆ ಅದು ಮುಟ್ಟಿದ್ದು ಆಮೇಲೆ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. ಕಾರ್ಡು ಒಂದು ಜೀವ ಉಳಿಸುತ್ತದೆ ಎಂಬುದಕ್ಕೆ ನಮ್ಮ ಹಳ್ಳಿಗಳೇ ಸಾಕ್ಷಿಯಾದವು. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸರ್ಕಾರಿ ದವಾಖಾನೆಯ ಶಿಫಾರಸು ಪತ್ರ, ರೇಷನ್ ಕಾರ್ಡು, ಆಧಾರ್ ಕೈಯಲ್ಲಿರಲಿ. ದವಾಖಾನೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಹೈದರಾಬಾದು, ಸೊಲ್ಲಾಪುರದ ಕಡೆ ಹೋಗುವವರು ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ.

ವಾಡಿ, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ತಿಂಗಳಿಗೆ 21 ಸಾವಿರ ರೂಪಾಯಿ ತನಕ ಸಂಬಳ ಇರುವ ಗುತ್ತಿಗೆ ಕಾರ್ಮಿಕನಿಗೂ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಅನ್ವಯಿಸುತ್ತದೆ. ಸಂಬಳದಲ್ಲಿ ಹಣ ಕಡಿತವಾಗುತ್ತಿದ್ದರೂ ತಮಗೊಂದು ಇಎಸ್ಐ ನಂಬರಿದೆ ಎಂಬುದೇ ಕೆಲವರಿಗೆ ಗೊತ್ತಿರುವುದಿಲ್ಲ. ಕಲಬುರಗಿಯಲ್ಲಿ ಇಎಸ್ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ, ಎರಡು ವರ್ಷ ಕೆಲಸದಲ್ಲಿದ್ದು ವಂತಿಗೆ ಸಂದಿದ್ದರೆ, ಸಂಬಳದ ಶೇ. 80ರಷ್ಟನ್ನು ಎರಡು ವರ್ಷದವರೆಗೆ ಕೊಡುವ ಅವಕಾಶವೂ ಇಎಸ್ಐನಲ್ಲಿದೆ. ಇನ್ನು ರೈಲು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ತ್ರೀ ಟೈರಿನಲ್ಲಿ ಟಿಕೆಟ್ ಹಣ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಶೇ. 75 ರಿಯಾಯಿತಿ. ದವಾಖಾನೆಯ ಸರ್ಟಿಫಿಕೇಟು ಬರೆಸಿಕೊಂಡು ವಾಡಿ ಜಂಕ್ಷನ್ನಿನ ಕೌಂಟರಿನಲ್ಲಿ ಕೊಡಿ.

ಮನೆಯವರು ವೈದ್ಯರಾದ ನಮ್ಮನ್ನು ಹೊರಗೆ ಕರೆದು ಹೇಳುವ ಮಾತೊಂದಿದೆ: ‘ಅಪ್ಪಾಗ ಹೇಳಬ್ಯಾಡ್ರಿ ಸಾಹೇಬ್ರೆ, ಎದಿ ಒಡಕೋತಾನ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅಪ್ಪನಿಗೆ ಗೊತ್ತಿರುತ್ತದೆ. ಕಿಮೋ ವಾರ್ಡಿನಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದವನಿಗೆ ತನ್ನ ಕಾಯಿಲೆ ಏನೆಂದು ತಿಳಿಯದೇ ಇರುತ್ತದೆಯೇ? ಮನೆಯವರು ಸುಮ್ಮನಿದ್ದರೆ ಅವನು ಒಬ್ಬನೇ ಹೆದರುತ್ತಾನೆ. ಹೊಲ ಯಾರ ಹೆಸರಿಗೆ, ಸಾಲ ಯಾರಿಗೆ ಎಷ್ಟು, ಕೊನೆಯ ದಿನ ದವಾಖಾನೆಯಲ್ಲೋ ಮನೆಯಲ್ಲೋ ಎಂಬುದನ್ನೆಲ್ಲ ಹೇಳಲು ಅವನಿಗೆ ಅವಕಾಶ ಬೇಕು. ಅವನು ಎಷ್ಟು ಕೇಳುತ್ತಾನೋ ಅಷ್ಟನ್ನು, ಸುಳ್ಳು ಬೆರೆಸದೆ, ಮೆಲ್ಲಗೆ ಹೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನೋವನ್ನು ಸಹಿಸಿಕೊಳ್ಳುವುದು ಧೈರ್ಯ ಎಂದು ನಮ್ಮ ಹಿರಿಯರು ನಂಬಿದ್ದಾರೆ. ಗುದನಾಳದ ರೋಗ ಹಿಂದಿನ ನರಗಳಿಗೆ ಮುಟ್ಟಿದಾಗ ಆಗುವ ನೋವು ಸಹಿಸಿಕೊಳ್ಳುವಂಥದ್ದಲ್ಲ, ಸಹಿಸುವ ಅಗತ್ಯವೂ ಇಲ್ಲ. ಮಾರ್ಫಿನ್ ಗುಳಿಗೆ ಅಗ್ಗ, ಬಾಯಿಂದಲೇ ನುಂಗುವಂಥದ್ದು. ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದ ಅಳತೆಯಲ್ಲಿ ನುಂಗಿದವರು ಚಟಕ್ಕೆ ಬೀಳುವುದು ಬಹಳ ಅಪರೂಪ. ಅದರಿಂದಾಗುವ ಮಲಬದ್ಧತೆಗೆ ಮೊದಲ ದಿನದಿಂದಲೇ ಇನ್ನೊಂದು ಔಷಧಿ ಕೊಡಬೇಕು. 2014ರಲ್ಲಿ ಮಾದಕವಸ್ತು ಕಾನೂನಿಗೆ ತಿದ್ದುಪಡಿ ತಂದದ್ದೇ ಇಂಥ ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ಸಿಗಲಿ ಎಂದು. ಆದರೂ ತಾಲೂಕು ಮಟ್ಟದಲ್ಲಿ ಅದು ಸಿಗುವುದು ಕಷ್ಟವಾಗಿಯೇ ಇದೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕು ದವಾಖಾನೆಗಳಲ್ಲಿ ಮಾರ್ಫಿನ್ ಇರಬೇಕು, ಅದನ್ನು ಬರೆದುಕೊಡಲು ಕಲಿತ ಒಬ್ಬ ವೈದ್ಯರಾದರೂ ಇರಬೇಕು ಎಂದು ಜನಪ್ರತಿನಿಧಿಗಳನ್ನು ನಾವೆಲ್ಲ ಕೇಳಬೇಕು. ನೋವುಶಮನದ ಆರೈಕೆ ಸಾಯುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಹಬ್ಬಿದ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಿಗೆ ಮೊದಲಿನಿಂದಲೇ ಈ ಆರೈಕೆ ಕೊಟ್ಟಾಗ ಅವರು ಉಳಿದವರಿಗಿಂತ ಹೆಚ್ಚು ದಿನ ಬದುಕಿದ್ದನ್ನು 2010ರ ಅಮೆರಿಕದ ಅಧ್ಯಯನ ತೋರಿಸಿದೆ.

ಕೊನೆಯದಾಗಿ, ರೋಗಿಯ ಅಕ್ಕತಂಗಿ, ಅಣ್ಣತಮ್ಮಂದಿರು, ಮಕ್ಕಳು ಈ ಮಾತನ್ನು ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ನಿಮಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ನಿಮಗೆ ರಕ್ತ ಬರುತ್ತಿರಲಿ, ಬಿಡಲಿ, ನಲವತ್ತನೆಯ ವಯಸ್ಸಿನಲ್ಲಿ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಒಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಿ. ಆ ನಾಲ್ಕು ಪ್ರೋಟೀನಿನ ಕೊರತೆ ಕಂಡಿದ್ದರೆ ಅದು ವಂಶದಲ್ಲಿ ಇಳಿದು ಬಂದದ್ದೇ ಎಂದು ಪರೀಕ್ಷೆ ಮಾಡಿಸಿ. ಹೌದಾದರೆ ಇನ್ನೂ ಎಳೆಯ ವಯಸ್ಸಿನಿಂದಲೇ ತಪಾಸಣೆ ಬೇಕು. ಹೀಗೆ ಹೋಗುವಾಗ ರೋಗಿಯ ಬಯಾಪ್ಸಿ ವರದಿಯ ನಕಲನ್ನು ತಪ್ಪದೆ ಜೊತೆಗೆ ಒಯ್ಯಿರಿ.